ಖಾಲಿ ಲಾರಿಯ ತೂಕ

ವಂಚನೆ ತಡೆಯುವ ತರಬೇತಿ ಅಂತ ನಾನು ಮೊದಲ ಸಲ ಹೋಗಿದ್ದು ಹುಬ್ಬಳ್ಳಿಯ ತಾರಿಹಾಳದ ಒಂದು ವಾಲ್ವ್ ಕಾರ್ಖಾನೆಗೆ. ನಲವತ್ತು ಸ್ಲೈಡ್ ಮಾಡಿಕೊಂಡಿದ್ದೆ. ಅಪರಾಧಶಾಸ್ತ್ರಜ್ಞ ಡೊನಾಲ್ಡ್ ಕ್ರೆಸಿಯ ವಿಚಾರದಿಂದ ಬೆಳೆದ ಆ ಪ್ರಸಿದ್ಧ ತ್ರಿಕೋನ ಇದೆಯಲ್ಲ, ಒತ್ತಡ, ಅವಕಾಶ, 'ನಾನು ಮಾಡಿದ್ದೇನು ದೊಡ್ಡ ತಪ್ಪಲ್ಲ' ಅನ್ನೋ ಸಮಾಧಾನ, ಅದನ್ನೇ ಒಂದು ತಾಸು ಹೇಳಿದೆ. ಆಮೇಲೆ ಅಕೌಂಟ್ಸ್‌ನವರೊಬ್ಬರು ಕೈ ಎತ್ತಿದರು. "ಸರ, ನಮ್ಮ ಮ್ಯಾಲೆ ಏನರೆ ಸಂಶಯ ಬಂದೈತೇನ್ರಿ?" ಎಲ್ಲರೂ ನಕ್ಕರು. ಅಲ್ಲಿಂದ ಮುಂದೆ ಯಾರೂ ಬಾಯಿ ಬಿಡಲಿಲ್ಲ. ಗಿರ್ಮಿಟ್ ತಿಂದು, ಚಹಾ ಕುಡಿದು ಹೋದರು. ಕುಂಬಳಕಾಯಿ ಕಳ್ಳ ಅಂದರೆ ಪ್ರಾಮಾಣಿಕರೂ ಹೆಗಲು ಮುಟ್ಟಿ ನೋಡ್ಕೊಳ್ತಾರೆ ಅಂತ ಅವತ್ತು ಗೊತ್ತಾಯಿತು.

ಎರಡನೇ ಸಲ ಸ್ಲೈಡ್ ಒಯ್ಯಲಿಲ್ಲ. ಅದೇ ಕಾರ್ಖಾನೆಯ ಮೂರು ತಿಂಗಳ ಬಿಲ್ಲು, ವೋಚರ್, ಗೇಟ್ ಪಾಸ್, ಲಾರಿ ತೂಗುವ ಕಾಟಾದ ಚೀಟಿ ಎಲ್ಲದರ ಜೆರಾಕ್ಸ್ ತೆಗೆಸಿ, ಹೆಸರುಗಳ ಮೇಲೆ ಕಪ್ಪು ಮಸಿ ಬಳಿದೆ. ಒಂದು ಟೇಬಲ್ಲಿಗೆ ನಾಲ್ಕು ಜನ: ಅಕೌಂಟ್ಸ್, ಸ್ಟೋರ್ಸ್, ಡಿಸ್ಪ್ಯಾಚ್, ಜೊತೆಗೆ ಗೇಟಿನ ವಾಚ್‌ಮನ್. "ವಾಚ್‌ಮನ್ ಯಾಕ್ರಿ?" ಅಂತ ಎಚ್‌ಆರ್‌ನವರು ಮುಖ ಸಿಂಡರಿಸಿದರು. ನಾನು ಬಿಡಲಿಲ್ಲ.

ಸ್ಕ್ರ್ಯಾಪ್ ಮಾರುವಾಗ ಖಾಲಿ ಲಾರಿ ಮೊದಲು ಕಾಟಾ ಹತ್ತುತ್ತೆ, ತುಂಬಿದ ಮೇಲೆ ಇನ್ನೊಮ್ಮೆ. ವ್ಯತ್ಯಾಸಕ್ಕೆ ದುಡ್ಡು. ಅಕೌಂಟ್ಸ್‌ನವರು ಲೆಕ್ಕ ಕೂಡಿಸಿ ನೋಡಿ, ಎಲ್ಲ ಸರಿ ಇದೆ ಅಂದರು. ಕೂಡಿಸಿದ್ದು ಸರಿಯೇ ಇತ್ತು. ವಾಚ್‌ಮನ್ ಮಾತ್ರ ಚೀಟಿಗಳನ್ನು ಇಸ್ಪೀಟ್ ಎಲೆಯ ಹಾಗೆ ಹರಡಿಕೊಂಡು ಕೂತಿದ್ದರು. ಒಂದೇ ಲಾರಿಯ ಹನ್ನೊಂದು ಚೀಟಿ. ಹನ್ನೊಂದರಲ್ಲೂ ಖಾಲಿ ತೂಕ 7,240 ಕೆಜಿ. "ಒಂದಿನ ಟ್ಯಾಂಕ್ ತುಂಬಿರತೈತಿ, ಒಂದಿನ ಇರೂದಿಲ್ಲ. ಒಂದಿನ ಕ್ಲೀನರ್ ಬರ್ತಾನ, ಒಂದಿನ ಬರೂದಿಲ್ಲ. ತೂಕ ಹೆಂಗ ಅಷ್ಟs ಇರತೈತ್ರಿ?" ಹೌದಲ್ವಾ? 200 ಲೀಟರ್ ಡೀಸೆಲ್ಲೇ ಸುಮಾರು 165 ಕೆಜಿ ತೂಗುತ್ತೆ. ಖಾಲಿ ತೂಕವನ್ನು ಜಾಸ್ತಿ ತೋರಿಸಿದಷ್ಟೂ ಮಾಲು ಪುಕ್ಕಟೆ ಹೊರಗೆ ಹೋಗುತ್ತೆ.

ಇಡೀ ಹಾಲ್ ಆ ಟೇಬಲ್ಲಿನ ಸುತ್ತ ಸೇರಿತು. ಸ್ಟೋರ್ಸ್‌ನ ಹುಡುಗನೊಬ್ಬ "ಈಗಲೇ ಕಾಟಾದವನನ್ನ ಕರೆಸೋಣ" ಅಂತ ಎದ್ದ. ಕೂರಿಸಿದೆ. ಹಿಂದೆ ಬೇರೊಂದು ಕಂಪನಿಯಲ್ಲಿ ಆ ತಪ್ಪು ನಾನೇ ಮಾಡಿದ್ದೆ. ಬೆಳಿಗ್ಗೆ ಒಬ್ಬರನ್ನು ಕರೆದು ನೇರವಾಗಿ ಕೇಳಿಬಿಟ್ಟೆ. ಸಂಜೆಯೊಳಗೆ ವಾಟ್ಸಾಪ್ ಚಾಟ್ ಖಾಲಿ, ರಿಜಿಸ್ಟರಿನ ಮೇಲೆ ನೀರು ಚೆಲ್ಲಿತ್ತು! ಅಲ್ಲಿಗೆ ಮುಗೀತು.

ಅಲ್ಲದೆ, ಹನ್ನೊಂದು ಒಂದೇ ಥರದ ಅಂಕಿ ಅಂದರೆ ಕಳ್ಳತನ ಸಾಬೀತಾಯಿತು ಅಂತಲ್ಲ. ಹಳೇ ಖಾಲಿ ತೂಕವನ್ನು ಉಳಿಸಿಟ್ಟು ಬಳಸುವ ಸೌಲಭ್ಯ ಕಾಟಾ ಸಾಫ್ಟ್‌ವೇರಿನಲ್ಲಿ ಇರುತ್ತೆ. ಸುಮ್ನೆ ಸೋಮಾರಿತನವೂ ಆಗಿರಬಹುದು. ಹಾಗಾಗಿ ಮಧ್ಯಾಹ್ನದ ಪಾಠ ತನಿಖೆಯದೇ ಆಯಿತು. ಮೊದಲು ಸಿಸಿಟಿವಿ ನಕಲು, ಯಾಕಂದ್ರೆ ಅದು ಕೆಲವೇ ವಾರದಲ್ಲಿ ತಾನೇ ಅಳಿಸಿಕೊಳ್ಳುತ್ತೆ. ಮೂಲ ಚೀಟಿಗಳು ಲಕೋಟೆಗೆ. ಅದರ ಮೇಲೆ ಯಾರು, ಯಾರಿಗೆ, ಎಷ್ಟು ಗಂಟೆಗೆ ಕೊಟ್ಟರು ಅಂತ ಬರೆದು ಸಹಿ. ಕೋರ್ಟಿಗೆ ಕೊಡುವ ಕಂಪ್ಯೂಟರ್ ದಾಖಲೆಗೆ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು, ಅದರಲ್ಲಿ ಹ್ಯಾಶ್ ಸಂಖ್ಯೆ ಇರಬೇಕು. ಹ್ಯಾಶ್ ಅಂದರೇನು ಅಂತ ಕೇಳಿದರು. ಮೆಣಸಿನಕಾಯಿ ಚೀಲದ ಹೊಲಿಗೆ ಇದ್ದ ಹಾಗೆ ಅಂದೆ. ಬಿಚ್ಚಿ ಮತ್ತೆ ಹೊಲಿದರೆ ಗೊತ್ತಾಗುತ್ತೆ. ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಬೇರೆಯೇ ಆಗಿಬಿಡುತ್ತೆ. ಹಾವೇರಿ ಕಡೆಯವರು ಇಬ್ಬರಿದ್ದರು, ತಕ್ಷಣ ತಲೆ ಆಡಿಸಿದರು. ಲೆಕ್ಕದ ಸಾಫ್ಟ್‌ವೇರಿನಲ್ಲಿ ತಿದ್ದಿದ್ದೆಲ್ಲ ದಾಖಲಾಗಬೇಕು ಅನ್ನೋ ನಿಯಮ ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದಲೇ ಇದೆ. ಆ ದಾಖಲೆಯನ್ನು ತೆರೆದು ನೋಡಿದವರು ಆ ಹಾಲ್‌ನಲ್ಲಿ ಒಬ್ಬರೂ ಇರಲಿಲ್ಲ.

ಮಾಲು ಕೊಡುವವರ ಹೆಸರಿನ ಇಮೇಲಿನಲ್ಲಿ ಬ್ಯಾಂಕ್ ಖಾತೆ ಬದಲಿಸಿ ಅಂದರೆ ಅವರ ಹಳೇ ನಂಬರಿಗೆ ಫೋನ್ ಮಾಡಿ ಕೇಳಿ, ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಇದು ಎರಡೇ ನಿಮಿಷದ ಮಾತು.

ದೂರಿನ ಪೆಟ್ಟಿಗೆಗೆ ಮಾತ್ರ ಬಹಳ ಹೊತ್ತು ಹಿಡಿಯಿತು. ವಂಚನೆ ಪರೀಕ್ಷಕರ ಸಂಘ ಎಸಿಎಫ್‌ಇಯ 2024ರ ವರದಿ ಪ್ರಕಾರ ಶೇ. 43ರಷ್ಟು ಪ್ರಕರಣಗಳು ಹೊರಬಿದ್ದದ್ದು ಯಾರೋ ಕೊಟ್ಟ ಸುಳಿವಿನಿಂದ. ನಮ್ಮವರೂ ಪೆಟ್ಟಿಗೆ ಇಟ್ಟಿದ್ದರು. ಎಲ್ಲಿ? ಎಚ್‌ಆರ್ ಬಾಗಿಲ ಎದುರು, ಕ್ಯಾಮೆರಾ ಕೆಳಗೆ! ತಿಂಗಳಲ್ಲಿ ಬಂದಿದ್ದು ಒಂದೇ ಚೀಟಿ, ಚಹಾಕ್ಕೆ ಸಕ್ಕರೆ ಕಡಿಮೆ ಅಂತ. ಪೆಟ್ಟಿಗೆ ತೆಗೆಸಿ, ಕಾರ್ಖಾನೆಯ ಹೊರಗಿನವರೊಬ್ಬರ ಫೋನ್ ನಂಬರ್ ಹಾಕಿಸಿದೆವು.

ಆ ಲಾರಿಯನ್ನು ಮುಂದಿನ ಮೂರು ಸಲ ನಿಜವಾಗಿ ತೂಗಿದರು. ಪ್ರತಿ ಸಲವೂ 7,240ಕ್ಕಿಂತ ಕಡಿಮೆ ಬಂತು, ಅದೂ 300 ಕೆಜಿಗೂ ಮೀರಿ. ಮುಂದಿನದು ವಕೀಲರ ಕೈಯಲ್ಲಿದೆ, ಬರೆಯುವಂತಿಲ್ಲ. ಈಗ ಅಲ್ಲಿ ಪ್ರತಿ ಖಾಲಿ ಲಾರಿ ಕಾಟಾ ಹತ್ತಲೇಬೇಕು, ಚೀಟಿಗೆ ವಾಚ್‌ಮನ್ ಸಹಿಯೂ ಬೇಕು. ಹತ್ತು ನಿಮಿಷ ಜಾಸ್ತಿ ಹಿಡೀತದ ಅಂತ ಡ್ರೈವರ್‌ಗಳು ಗೊಣಗುತ್ತಾರೆ.