ಕಣ್ಣು ಅಂದುಕೊಂಡದ್ದು ಗುಳ್ಳೆ

ತಿಗಣೆ ಅಂದರೆ ಮಂಚದ ಸಂದಿಯಲ್ಲಿರುವುದು ಮಾತ್ರ ಅಂತ ತಿಳಿದವರೇ ಜಾಸ್ತಿ. ನಮ್ಮ ಮಂಡ್ಯದ ಕಡೆ ಇನ್ನೊಂದೂ ಗೊತ್ತು. ಬತ್ತ ಹಾಲುಗಟ್ಟುವ ಹೊತ್ತಿಗೆ ಬಂದು ಕಾಳು ಹೀರಿ ಜೊಳ್ಳು ಮಾಡುವ, ಮುಟ್ಟಿದರೆ ಗಬ್ಬು ನಾರುವ ತೆನೆ ತಿಗಣೆ. ಎರಡೂ ಒಂದೇ ಬಳಗ, ಎರಡಕ್ಕೂ ಸೂಜಿಯಂಥ ಮೂತಿ. ನಾನು ಎರಡು ವರ್ಷದಿಂದ ಕೂತಿರುವುದು ಇದೇ ಬಳಗದ ಒಂದು ಹಳೇ ಜೀವದ ಮುಂದೆ. ಉದ್ದ 3 ಮಿಲಿಮೀಟರ್, ವಯಸ್ಸು ಸುಮಾರು 5 ಕೋಟಿ ವರ್ಷ.

ಅದು ಸಿಕ್ಕಿದ್ದು ಗುಜರಾತಿನ ಸೂರತ್ ಕಡೆಯ ಲಿಗ್ನೈಟ್ ಗಣಿಯ ಅಂಬರ್‌ನಲ್ಲಿ. ಅಂಬರ್ ಅಂದರೆ ಕಲ್ಲಿನಂತಾದ ಮರದ ಅಂಟು. ಈ ಅಂಟು ಸುರಿಸಿದ ಮರಗಳು ನಮ್ಮ ಘಟ್ಟದ ಸಾಲುಧೂಪದ ಕುಟುಂಬದವು. ದೇವರ ಮುಂದೆ ಕೆಂಡಕ್ಕೆ ಹಾಕುತ್ತೇವಲ್ಲ, ಅಂಥದ್ದೇ. ಈ ಅಂಬರ್ ಬೇರೆ ಕಡೆಯ ಬಹುಪಾಲು ಅಂಬರ್‌ಗಿಂತ ಸೂಕ್ಷ್ಮ, ಟೊಲುಯೀನ್, ಕ್ಲೋರೋಫಾರ್ಮ್‌ನಂಥ ದ್ರಾವಕ ತಗುಲಿದರೆ ಕರಗತೊಡಗುತ್ತದೆ. ಹಾಗಾಗಿ ಮೈಸೂರಿನ ನಮ್ಮ ಲ್ಯಾಬಿನಲ್ಲಿ ಅದನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸುವುದಕ್ಕೂ ನಾನು ಬಿಡಲಿಲ್ಲ. ನೀರು ಹಾಕಿ ಉಪ್ಪುಕಾಗದದಲ್ಲಿ ಉಜ್ಜಿದ್ದು, ಮೊದಲು 800 ನಂಬರಿನದು, ಆಮೇಲೆ ಇನ್ನೂ ನುಣುಪಾದ 2000, ಕೊನೆಗೆ 5000. ಹತ್ತು ಸಲ ಉಜ್ಜಿ ಒಂದು ಸಲ ಮೈಕ್ರೋಸ್ಕೋಪಿನಡಿ ಇಣುಕಬೇಕು. ಅವಸರ ಮಾಡಿದರೆ ಮೀಸೆಯ ತುದಿಯೇ ಸವೆದುಹೋಗುತ್ತದೆ, ಹೋದರೆ ಹೋಯಿತು, ಇನ್ನೊಂದು ಇಲ್ಲ.

ರೆಕ್ಕೆಯ ಗಟ್ಟಿ ಭಾಗದ ತುದಿಯಲ್ಲಿ ಬೆಣೆಯಂಥ ಚಿಕ್ಕ ತುಂಡು ಕಂಡಿತು, ಅದಕ್ಕೆ ಕ್ಯೂನಿಯಸ್ ಅನ್ನುತ್ತಾರೆ. ಅದಿದ್ದರೆ ತಿಗಣೆ ಬಳಗದ ಮಿರಿಡೇ ಕುಟುಂಬ ಇರಬಹುದು, ಆಂಥೋಕೊರಿಡೇ ಕುಟುಂಬ ಕೂಡ ಇರಬಹುದು. ತಲೆಯ ಮೇಲೆ ಎರಡು ಸರಳ ಕಣ್ಣು, ಅಂದರೆ ದೊಡ್ಡ ಕಣ್ಣುಗಳಲ್ಲದೆ ಇರುವ ಚುಕ್ಕೆಯಂಥ ಪುಟ್ಟ ಕಣ್ಣು, ಬೇರೆ ಹೊಳೆಯುತ್ತಿದ್ದವು. ಮಿರಿಡೇಯಲ್ಲಿ ಒಂದು ಉಪಕುಟುಂಬ ಬಿಟ್ಟರೆ ಅವು ಇರುವುದಿಲ್ಲ. ಸರಿ, ಆಂಥೋಕೊರಿಡೇ ಅಂತ ಮೂರು ಪುಟ ಬರೆದೂಬಿಟ್ಟೆ, ಚಿತ್ರವೂ ಬಿಡಿಸಿದೆ. ಒಂದು ಸಂಜೆ ಸುಮ್ನೆ ಗ್ಲಿಸರಿನ್ ಹನಿ ಹಾಕಿ, ಕವರ್ ಸ್ಲಿಪ್ ಇಟ್ಟು, ಬೆಳಕನ್ನು ಪಕ್ಕದಿಂದ ಬಿಟ್ಟು ನೋಡುತ್ತೇನೆ, ಎಡಗಡೆಯ 'ಕಣ್ಣು' ತಲೆಗೆ ಅಂಟಿಕೊಂಡೇ ಇಲ್ಲ! ಕೂದಲೆಳೆಯಷ್ಟು ಮೇಲೆ ತೇಲುತ್ತಿದೆ. ಗಾಳಿಯ ಗುಳ್ಳೆ. ಬಲಗಡೆಯದೂ ಅದೇ. ಆ ರಾತ್ರಿ ಊಟ ಸೇರಲಿಲ್ಲ.

ಆಮೇಲೆ ಕಲಿತದ್ದು, ಸತ್ತದ್ದನ್ನು ಅರ್ಥ ಮಾಡಿಕೊಳ್ಳೋಕೆ ಬದುಕಿರುವುದನ್ನು ಕೈಯಲ್ಲಿ ಹಿಡಿದು ನೋಡಬೇಕು. ಊರಿಗೆ ಹೋದಾಗ ಜಗುಲಿಯ ಟ್ಯೂಬ್‌ಲೈಟಿಗೆ ಬರುವ ಹುಳಗಳನ್ನು ಅಮ್ಮ ಉಪ್ಪಿನಕಾಯಿ ಬಾಟಲಿಯಲ್ಲಿ ಹಿಡಿದಿಡುತ್ತಿದ್ದರು. ಅದರಲ್ಲಿ ಮಿರಿಡ್‌ಗಳು ಬೇಕಾದಷ್ಟು. ಅವುಗಳ ರೆಕ್ಕೆಯ ಪೊರೆಯ ಮೇಲೆ ನರ ಸುತ್ತಿಕೊಂಡು ಮುಚ್ಚಿದ ಕೋಣೆ ಆಗಿರುತ್ತದೆ. ನನ್ನ ತುಂಡಿನಲ್ಲೂ ಅದೇ ಕೋಣೆ ಇತ್ತು, ಅಂದರೆ ಅದು ಮಿರಿಡೇಯೇ. ಮೊದಲ ದಿನದಿಂದಲೂ ಇತ್ತು, ನಾನು ನೋಡಿರಲಿಲ್ಲ ಅಷ್ಟೇ.

ಹೊಸ ಪ್ರಭೇದ ಅಂತ ಹೇಳೋದು ಕುಟುಂಬ ಗುರುತಿಸುವುದಕ್ಕಿಂತ ಕಷ್ಟ. ಮೀಸೆಯ ನಾಲ್ಕು ಗಿಣ್ಣುಗಳ ಅಳತೆ, ಮೂತಿ ಎಷ್ಟನೇ ಕಾಲಿನ ಬುಡದ ತನಕ ಬರುತ್ತದೆ, ಕತ್ತಿನ ಹಿಂದಿನ ಫಲಕದ ಅಗಲ, ಇವನ್ನೆಲ್ಲ ಹತ್ತಿರದ ಪ್ರತಿಯೊಂದು ಪ್ರಭೇದದ ಜೊತೆಗೂ ಹೋಲಿಸಬೇಕು. ಮಿರಿಡ್‌ಗಳಲ್ಲಿ ಗಂಡಿನ ಜನನಾಂಗ ನೋಡಿಯೇ ತೀರ್ಮಾನ ಮಾಡುವುದು ಜಾಸ್ತಿ. ನನ್ನದರಲ್ಲಿ ಹೊಟ್ಟೆಯ ತುದಿಗೆ ಸರಿಯಾಗಿ ಬಿರುಕು ಹಾದುಹೋಗಿದೆ. ಅದಕ್ಕೇ ಹೊಸ ಕುಲ ಮಾಡುವ ಆಸೆ ಬಿಟ್ಟು, ಇರುವ ಕುಲದಲ್ಲೇ ಹೊಸ ಪ್ರಭೇದ ಅಂತ ಇಟ್ಟುಕೊಂಡೆ. ಗೆಳೆಯರು ಹೆದರುಪುಕ್ಕಲ ಅಂದರು, ಅನ್ನಲಿ.

ಹೆಸರಿನ ವಿಚಾರಕ್ಕೆ ಅಪ್ಪ "ನಮ್ಮೂರ ಹೆಸರೇ ಇಡಪ್ಪ" ಅಂದರು. ನಿಯಮದಲ್ಲಿ ಅಡ್ಡಿಯೇನಿಲ್ಲ, ಆದರೆ ನಾಳೆ ಯಾರಾದರೂ ಮಂಡ್ಯದಲ್ಲಿ ಅಂಬರ್ ಹುಡುಕಿಕೊಂಡು ಬಂದರೆ? ಇಟ್ಟ ಹೆಸರನ್ನು ಇಲ್ಲಿ ಬರೆಯಲ್ಲ. ಅದು ಲೆಕ್ಕಕ್ಕೆ ಬರಬೇಕಾದರೆ ಬೇರೆಯವುಗಳಿಂದ ಗುರುತಿಸುವ ವಿವರಣೆ ಬೇಕು. ಹೋಲೋಟೈಪ್, ಅಂದರೆ ಆ ಹೆಸರಿಗೆ ಆಧಾರವಾದ ಒಂದೇ ಮಾದರಿ, ಯಾವುದು, ಯಾವ ಸಂಗ್ರಹದಲ್ಲಿದೆ ಅಂತಲೂ ಹೇಳಿರಬೇಕು. ಆನ್‌ಲೈನ್‌ನಲ್ಲಿ ಮಾತ್ರ ಬರುವ ಪತ್ರಿಕೆಯಾದರೆ ಪ್ರಾಣಿಗಳ ಹೆಸರು ದಾಖಲಿಸುವ ಝೂಬ್ಯಾಂಕ್‌ನಲ್ಲಿ ನೋಂದಣಿಯೂ ಬೇಕು, 2012ರಿಂದ ಹಾಗೆ. ಪೇಪರ್ ಈಗ ಪರಿಶೀಲನೆಗೆ ಹೋಗಿದೆ. ಒಬ್ಬರು ವಾಪಸ್ ಕೇಳಿರುವ ಮೊದಲ ಪ್ರಶ್ನೆಯೇ, "ತಲೆಯ ಮೇಲೆ ಹೊಳೆಯುತ್ತಿರುವುದು ಸರಳ ಕಣ್ಣಲ್ಲವೇ?"