ಕಬ್ಬಿನ ಎರಿ ಹೊಲದ ಮಣ್ಣು ಪರೀಕ್ಷೆ ಮಾಡೋದು ಹ್ಯಾಂಗ

ಕುಳೆ ಕಬ್ಬು (ಕಟಾವಿನ ನಂತರ ಬುಡದಿಂದ ಮತ್ತೆ ಚಿಗುರಿದ ಕಬ್ಬು) ಸೊರಗಿತು ಅಂದ್ರ ನಮ್ಮ ಕಡೆ ಮೊದಲ ಮಾತು ‘ಇನ್ನೊಂದು ಚೀಲ ಯೂರಿಯಾ ಹಾಕು’. ಜಮಖಂಡಿ ತಾಲ್ಲೂಕಿನ ಕೃಷ್ಣಾ ದಂಡಿಯೊಳಗ ಎರಿ ಅಂದ್ರ ಕಪ್ಪು ಮಣ್ಣಿನಾಗ ಕಬ್ಬು ಬೆಳೆಯುವವ ನಾನು. ಚೀಲ ತರೋದಕ್ಕಿಂತ ಮೊದಲು ಒಂದು ಕಬ್ಬಿಣದ ಸಳಿ ಹಿಡಕೊಂಡು ಹೊಲಕ್ಕ ಹೋಗ್ರಿ ಅಂತೀನಿ.

ನೀರು ಹಾಯಿಸಿದ ಮೇಲೆ ಮಣ್ಣು ಹದಕ್ಕ ಬಂದಾಗ ಸಳಿ ಚುಚ್ಚಿ ನೋಡ್ರಿ. ನಾಕಾರು ಕಡೆ ಅದು ಒಂದೇ ಆಳಕ್ಕ ಗಕ್ಕನೆ ನಿಂತರೆ ಕೆಳಗ ಗಟ್ಟಿ ಪದರ ಕೂತೈತಿ. ಪ್ರತಿ ವರ್ಷ ಒಂದೇ ಆಳಕ್ಕ ನೇಗಿಲು ಹೊಡೆದರೆ, ಹಸಿ ಹೊಲದಾಗ ಕಬ್ಬು ತುಂಬಿದ ಟ್ರ್ಯಾಕ್ಟರ್ ಓಡಿಸಿದರೆ ಆಗೋದೇ ಇದು. ಬೇರು ಕೆಳಗ ಇಳಿಯೋದಿಲ್ಲ, ನೀರು ಮೇಲೆ ನಿಲ್ಲತೈತಿ. ಹೊಸ ನಾಟಿಗೆ ಮೊದಲು, ಮಣ್ಣು ಪೂರ್ತಿ ಒಣಗಿದಾಗ ಸಬ್‌ಸಾಯ್ಲರ್ (ಕೆಳಗಿನ ಗಟ್ಟಿ ಪದರ ಒಡೆಯುವ ಆಳದ ನೇಗಿಲು) ಹೊಡಸ್ರಿ. ಹಸಿ ಎರಿಯೊಳಗ ಹೊಡೆದರೆ ಅದು ಸೀಳತೈತಿ, ಒಡೆಯೋದಿಲ್ಲ.

ಆಮೇಲೆ ಗೋಲಿಯಷ್ಟು ಒಣ ಹೆಂಟಿ ತಗೊಂಡು ಗಾಜಿನ ಲೋಟದ ಮಳೆನೀರಿನಾಗ ಮೆಲ್ಲಗೆ ಬಿಡ್ರಿ. ಕಲಕಬ್ಯಾಡ್ರಿ. ಹೆಂಟಿ ಕುಸಿದರೂ ನೀರು ತಿಳಿಯಾಗೇ ಇದ್ದರೆ ಸೋಡಿಯಂ ಕಾಟ ಕಾಣಲಿಲ್ಲ ಅಂತ. ಸುತ್ತ ಹಾಲಿನಂಗ ಕದಡಿದರೆ ಜಿಗಟು ಕಣಗಳನ್ನು ಸೋಡಿಯಂ ಬಿಡಿಸಾಕತ್ತೈತಿ. ಬೋರ್ ನೀರು ಮಾತ್ರ ಬ್ಯಾಡ: ಅದರ ಉಪ್ಪೇ ಕಣಗಳನ್ನು ಹಿಡಿದಿಟ್ಟು ರೋಗ ಮುಚ್ಚತೈತಿ. ಬ್ಯಾಸಿಗ್ಯಾಗ ನೆಲದ ಮೇಲೆ ಬಿಳಿ ಪುಡಿ ಕಂಡರೆ ಉಪ್ಪು ಸವಳು. ಕಪ್ಪಗೆ ಹೊಳೆಯುವ ಗಟ್ಟಿ ಪೊರೆ ಕಂಡರೆ ಸೋಡಿಯಂ ಕ್ಷಾರ ಅಂತ ಸಂಶಯ ಪಡ್ರಿ.

ಖಾತ್ರಿಗೆ ಪ್ರಯೋಗಾಲಯ ಬೇಕು. ಕಟಾವು ಆದ ಮೇಲೆ, ಗೊಬ್ಬರ ಹಾಕೋ ಮೊದಲು, ಎಕರೆಗೆ ಎಂಟ್ಹತ್ತು ಕಡೆ ಅಡ್ಡಾದಿಡ್ಡಿ ನಡೆದು ಒಂದಡಿ ಆಳದ ವಿ ಆಕಾರದ ಕುಣಿ ತೆಗೆದು ಅದರ ಗೋಡಿಯಿಂದ ಮಣ್ಣು ಕೆರೀರಿ. ಬದು, ಗಿಡದ ಬುಡ, ತಿಪ್ಪೆ ಇದ್ದ ಜಾಗ ಬಿಡ್ರಿ. ಸವಳು ತೇಪೆ ಇದ್ದರೆ ಅದರದು ಬ್ಯಾರೆ ಮಾದರಿ. ಒಳ್ಳೆ ಮಣ್ಣಿನ ಜೋಡಿ ಕಲಿಸಿದರೆ ಎರಡರ ಲೆಕ್ಕವೂ ತಪ್ಪತೈತಿ. ಒಂದೊಂದು ಮಾದರಿಯ ಮಣ್ಣನ್ನೂ ಬ್ಯಾರೆ ಬ್ಯಾರೆ ಕಲಿಸಿ, ನಾಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಚೆಲ್ಲತಾ ಅರ್ಧ ಕಿಲೋಕ್ಕ ಇಳಸ್ರಿ, ನೆರಳಿನಾಗ ಒಣಗಸ್ರಿ. ಯೂರಿಯಾದ ಹಳೆ ಚೀಲದಾಗ ಮಾತ್ರ ತುಂಬಬ್ಯಾಡ್ರಿ. ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೊಡ್ರಿ.

2015ರಿಂದ ಕೊಡುವ ಮಣ್ಣು ಆರೋಗ್ಯ ಕಾರ್ಡಿನಾಗ 12 ಅಂಶ ಇರತಾವ. ಎಲ್ಲರೂ ಸಾರಜನಕ, ರಂಜಕ, ಪೊಟ್ಯಾಷ್ ನೋಡತಾರ. ನೀವು ಮೊದಲು ಪಿಎಚ್ (ಹುಳಿ-ಕ್ಷಾರದ ಅಳತೆ), ಇಸಿ (ವಿದ್ಯುತ್ ವಾಹಕತೆ, ಅಂದ್ರ ಉಪ್ಪಿನ ಅಳತೆ, ಡಿಎಸ್/ಮೀ ಲೆಕ್ಕದಾಗ), ಸಾವಯವ ಇಂಗಾಲ ನೋಡ್ರಿ. ಪಿಎಚ್ 8.5 ದಾಟಿದ್ದರೆ ವಿನಿಮಯ ಸೋಡಿಯಂ ಪ್ರಮಾಣವನ್ನೂ (ಇಎಸ್‌ಪಿ, ಅಂದ್ರ ಮಣ್ಣಿನ ಕಣ ಹಿಡಿದಿಟ್ಟ ಕ್ಯಾಲ್ಸಿಯಂನಂಥ ಅಂಶಗಳೊಳಗ ಸೋಡಿಯಂ ಪಾಲು) ಪರೀಕ್ಷೆ ಮಾಡಸ್ರಿ. ಅದು ಶೇ 15 ಮೀರಿದ್ದರೆ ಜಿಪ್ಸಂ ಬೇಕು, ಎಷ್ಟು ಅನ್ನೋದನ್ನ ಪ್ರಯೋಗಾಲಯವೇ ಹೇಳಲಿ. ಇಸಿ ಬಗ್ಗೆ ಯಾವ ವಿಧಾನ ಅಂತ ಕೇಳ್ರಿ. ಮಣ್ಣು-ನೀರು ಕಲಸಿದ ಸಾದಾ ಪರೀಕ್ಷೆಯೊಳಗ 1 ದಾಟಿದರೆ ಎಚ್ಚರ, ಸಂತೃಪ್ತ ಸಾರದ (ನೀರಿನಾಗ ಪೂರ್ತಿ ನೆನೆಸಿದ ಮಣ್ಣಿನಿಂದ ತೆಗೆದ ನೀರಿನ) ಪರೀಕ್ಷೆಯೊಳಗ 4 ದಾಟಿದರೆ ಸವಳು.

ಬರೀ ಉಪ್ಪಿನ ಸವಳಿಗೆ ಜಿಪ್ಸಂ ಸುರಿಯೋದು ದುಡ್ಡು ದಂಡ. ಬಸಿಗಾಲುವೆ ತೆಗೆದು ಒಳ್ಳೆ ನೀರಿನಿಂದ ತೊಳೀಬೇಕು. ಕ್ಷಾರ ಮಣ್ಣಿಗೆ ಜಿಪ್ಸಂ ಹಾಕಿದರೂ ಬಸಿಗಾಲುವೆ ಬೇಕೇ ಬೇಕು. ಜಿಪ್ಸಂನ ಕ್ಯಾಲ್ಸಿಯಂ ಸೋಡಿಯಂ ಅನ್ನು ಕಣದಿಂದ ತಳ್ಳತೈತಿ, ಆದರ ಆ ಸೋಡಿಯಂ ಹೊಲ ಬಿಟ್ಟು ಹಳ್ಳ ಸೇರಬೇಕಲ್ಲ? ಕಾಲುವೆ ಬಾಜೂದವರ ಹೊಲ ದಾಟಿ ಹೋಗಬೇಕು, ಹಿಂಗಾಗಿ ಮೊದಲು ಅವರ ಜೋಡಿ ಕೂತು ಮಾತಾಡ್ರಿ.

ಮಣ್ಣಿಗೆ ಲಿಂಬಿಹಣ್ಣಿನ ರಸ ಬಿಟ್ಟಾಗ ನೊರೆ ಬಂದರೆ ಸುಣ್ಣ ಐತಿ. ಅಲ್ಲಿ ಕಬ್ಬಿಣ, ಸತುವು ಬೆಳೆಗೆ ಸಿಗೋದು ಕಷ್ಟ. ಎಳೆ ಎಲೆ ಹಳದಿ, ನರ ಹಸಿರು ಇದ್ದರೆ ಕಬ್ಬಿಣದ ಕೊರತೆ.

ಸಾವಯವ ಇಂಗಾಲ ಶೇ 0.5ರ ಕೆಳಗಿದ್ದರೆ ಕಡಿಮೆ, 0.75 ದಾಟಿದರೆ ಚಲೋ. ಕಟಾವಿನ ನಂತರ ರವದಿಗೆ (ಕಬ್ಬಿನ ಒಣ ಎಲೆಗೆ) ಬೆಂಕಿ ಹಚ್ಚೋದು ಕಂಡರೆ ನನಗ ಭಾಳ ಸಂಕಟ ಆಗತೈತಿ. ಹೊಲದ ಇಂಗಾಲನೇ ಹೊಗೆಯಾಗಿ ಹೋಗತೈತಿ. ರವದಿಯನ್ನ ಸಾಲು ಬಿಟ್ಟು ಸಾಲಿಗೆ ಹಾಸ್ರಿ, ಮೇಲೆ ಸ್ವಲ್ಪ ಯೂರಿಯಾ, ಸಗಣಿ ನೀರು ಹಾಕಿ ತೇವ ಆರದಂಗ ನೋಡಕೋರಿ. ಮುಂದಿನ ಪರೀಕ್ಷೆಗೆ ಅದೇ ತಿಂಗಳು, ಅದೇ ಆಳದ ಮಣ್ಣು ತೆಗೀರಿ, ಇಲ್ಲದಿದ್ದರೆ ಹಳೆ ಕಾರ್ಡಿನ ಜೋಡಿ ಹೋಲಿಸೋಕ ಬರೋದಿಲ್ಲ.