ನಡುರಾತ್ರಿ ಬೆವರು, ಎದೆ ಢವಢವ: ಶುಗರ್ ಇರೋರು ಆ ಹೊತ್ತಲ್ಲೇ ಮಾಡ್ಬೇಕಾದ್ದು

ಶುಗರ್ ಇರೋರು ತುಂಬಾ ಜನ ಹೇಳೋದು ಹೆಚ್ಚುಕಮ್ಮಿ ಒಂದೇ ಥರ ಇರತ್ತೆ. ರಾತ್ರಿ ಎರಡೋ ಮೂರೋ ಗಂಟೆಗೆ ಇದ್ದಕ್ಕಿದ್ದಂಗೆ ಎಚ್ಚರ ಆಗತ್ತೆ, ಬನಿಯನ್ ಹಿಂಡಿದ್ರೆ ನೀರು ಬರೋ ಅಷ್ಟು ಒದ್ದೆ, ಕುತ್ತಿಗೆ ಪಕ್ಕ, ಕಿವಿ ಒಳಗೆ, ಕೆಲವರಿಗೆ ಹೊಟ್ಟೇಲೂ ನಾಡಿ ದಬದಬ ಅಂತ ಬಡಿಯೋದು ಗೊತ್ತಾಗತ್ತೆ, ಸ್ವಲ್ಪ ಹೊತ್ತು ಎದ್ದು ಕೂತು ನೀರು ಕುಡಿದು ಮಲಗಿದ್ರೆ ಬೆಳಿಗ್ಗೆ ಏನೂ ಇಲ್ಲ. ಡಾಕ್ಟರ್ ಹತ್ರ ಹೋದ್ರೆ ಇಸಿಜಿ ನಾರ್ಮಲ್, ಬಿಪಿ ಪರವಾಗಿಲ್ಲ, "ಟೆನ್ಷನ್ ಮಾಡ್ಕೋಬೇಡಿ" ಅಂತ ಕಳಿಸ್ತಾರೆ. ಹಗಲು 11 ಗಂಟೆಗೆ ತೆಗೆದ ಇಸಿಜಿಗೆ ರಾತ್ರಿ 3 ಗಂಟೆ ಸುದ್ದಿ ಹೇಗೆ ಗೊತ್ತಾಗ್ಬೇಕು ಹೇಳಿ. ಆಗ ಮೈಯಲ್ಲಿ ಏನು ನಡೀತಿತ್ತು ಅನ್ನೋದನ್ನ ಆಗಲೇ ಹಿಡೀಬೇಕು, ಹಿಡಿಯೋಕೆ ಆಗೋದು ನಿಮಗೆ ಅಥವಾ ನಿಮ್ಮ ಪಕ್ಕ ಮಲಗಿರೋರಿಗೆ ಮಾತ್ರ.

ನಾನು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಒಂದು ಮೆಡಿಕಲ್ ಅಂಗಡಿ ಕೌಂಟರಲ್ಲಿ ನಿಲ್ಲೋನು. ಗಿರಾಕಿಗಳಲ್ಲಿ ನಮ್ಮವರು ತುಂಬಾ ಜನ, ಉಡುಪಿ ಕುಂದಾಪುರ ಕಡೆ ಹೋಟೆಲ್‌ನವರು, ವಿಜಯಪುರ ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಮಕ್ಕಳ ಮನೆಗೆ ಅಂತ ಊರಿಂದ ಬಂದು ಇಲ್ಲೇ ಉಳಿದ ಅಜ್ಜ ಅಜ್ಜಿಯರು. ಔಷಧಿ ಬದಲಾಯಿಸೋದು ನನ್ನ ಕೆಲಸ ಅಲ್ಲ, ಅದು ಡಾಕ್ಟರ್ ಕೆಲಸ. ಆದ್ರೆ ಡಾಕ್ಟರ್ ಹತ್ರ ಹೋಗೋ ಮುಂಚೆ ಏನು ತಯಾರಿ ಮಾಡ್ಕೋಬೇಕು ಅಂತ ಗೊತ್ತಿದ್ರೆ ಅರ್ಧ ದಾರಿ ಮುಗಿದ ಹಾಗೆ.

ಮೊದಲು ಆ ನಿಮಿಷದ ಮಾತು. ಎಚ್ಚರ ಆದ ತಕ್ಷಣ ದಡಕ್ಕನೆ ಎದ್ದು ಬಾತ್‌ರೂಮ್ ಕಡೆ ಓಡ್ಬೇಡಿ, ಹಾಸಿಗೆಯಲ್ಲೇ ಎದ್ದು ಕೂತ್ಕೊಳ್ಳಿ, ಲೈಟ್ ಹಾಕಿ, ಪಕ್ಕದವರನ್ನ ಎಬ್ಬಿಸಿ. ಆಮೇಲೆ ಗ್ಲುಕೋಮೀಟರ್, ಅಂದ್ರೆ ಶುಗರ್ ನೋಡೋ ಮಷೀನು. ಬೆರಳು ನೀರಲ್ಲಿ ತೊಳೆದು ಚೆನ್ನಾಗಿ ಒರೆಸಿಕೊಂಡೇ ಚುಚ್ಚಿ, ಯಾಕಂದ್ರೆ ಮಲಗೋ ಮುಂಚೆ ಬಾಳೆಹಣ್ಣು ತಿಂದ ಬೆರಳಲ್ಲಿ ಒಂಚೂರು ಅಂಟು ಉಳಿದಿದ್ರೂ ಮಷೀನು ಜಾಸ್ತಿ ತೋರಿಸಿಬಿಡತ್ತೆ, ಶುಗರ್ ಲೋ, ಅಂದ್ರೆ ತೀರಾ ಕಮ್ಮಿ ಇರೋದು ಗೊತ್ತೇ ಆಗಲ್ಲ. ಬೆವರಿರೋ ಬೆರಳಿಗೂ ಅಷ್ಟೇ, ಬೆವರು ರಕ್ತದ ಜೊತೆ ಸೇರಿದ್ರೆ ಲೆಕ್ಕ ತಪ್ಪತ್ತೆ. ಮತ್ತೊಂದು, ಮುಂಬೈ ಗೋವಾ ಮಳೆಗಾಲದ ಹವೆಗೆ ಟೆಸ್ಟ್ ಸ್ಟ್ರಿಪ್ ಡಬ್ಬಿ ಮುಚ್ಚಳ ತೆಗೆದಿಟ್ರೆ ಸ್ಟ್ರಿಪ್ ಹಾಳಾಗತ್ತೆ, ಒಂದು ತಗೊಂಡು ಟಪ್ ಅಂತ ಮುಚ್ಚಿಬಿಡಿ, ಡಬ್ಬಿ ಮೇಲಿನ ಎಕ್ಸ್‌ಪೈರಿನೂ ನೋಡಿ.

70ಕ್ಕಿಂತ ಕಮ್ಮಿ ಬಂದ್ರೆ ಅದು ಲೋ ಶುಗರ್. 54ಕ್ಕಿಂತ ಕೆಳಗೆ ಅಂದ್ರೆ ಗಂಭೀರ. ಲೋ ಆದಾಗ ಮೈ ಅಡ್ರಿನಲಿನ್ ಬಿಡತ್ತೆ, ಲಿವರ್‌ನಲ್ಲಿ ಕೂಡಿಟ್ಟಿರೋ ಸಕ್ಕರೆ ಹೊರಗೆ ಬರ್ಲಿ ಅಂತ, ಎದೆ ಹೊಡ್ಕೊಳ್ಳೋದು, ಕೈ ನಡುಗೋದು ಎಲ್ಲ ಅದರದ್ದೇ. ಬೆವರೂ ಅದೇ ಗಾಬರಿಯ ಭಾಗ. ನಿದ್ದೆಯಲ್ಲೇ ಆದ್ರೆ ಕೆಟ್ಟ ಕನಸು ಬೀಳತ್ತೆ, ಕೆಲವರು ನಿದ್ದೆಗಣ್ಣಲ್ಲಿ ಕಿರುಚ್ತಾರೆ, ಇನ್ನು ಕೆಲವರಿಗೆ ಎಚ್ಚರನೇ ಆಗಲ್ಲ, ಬೆಳಿಗ್ಗೆ ತಲೆದಿಂಬು ಒದ್ದೆ, ತಲೆನೋವು, ಮೈಯೆಲ್ಲ ಸುಸ್ತು, ಅಷ್ಟೇ ಗುರುತು.

ಲೋ ಇದ್ರೆ ತಕ್ಷಣ 15 ಗ್ರಾಂ ಸಕ್ಕರೆ ಹೊಟ್ಟೆಗೆ ಹೋಗ್ಬೇಕು. ಟೀ ಚಮಚದಲ್ಲಿ 3 ಚಮಚ ಸಕ್ಕರೆ ಅಥವಾ ಪ್ಲೇನ್ ಗ್ಲೂಕೋಸ್ ಪೌಡರ್ ನೀರಲ್ಲಿ ಕಲಸಿ ಕುಡಿಯಿರಿ, ಅಥವಾ ಅರ್ಧ ಲೋಟ ಹಣ್ಣಿನ ಜ್ಯೂಸ್. ಚಾಕೊಲೇಟು, ಪೇಡ, ಬರ್ಫಿ ಬೇಡ, ಅದರ ಕೊಬ್ಬು ಸಕ್ಕರೆ ರಕ್ತಕ್ಕೆ ಸೇರೋದನ್ನ ನಿಧಾನ ಮಾಡತ್ತೆ. 15 ನಿಮಿಷ ಕಾದು ಮತ್ತೆ ಚೆಕ್ ಮಾಡಿ, ಇನ್ನೂ 70 ದಾಟಿಲ್ಲ ಅಂದ್ರೆ ಇನ್ನೊಂದು ಸಲ ಅಷ್ಟೇ ತಗೊಳ್ಳಿ. ಸರಿ ಆದಮೇಲೆ ಎರಡು ಬಿಸ್ಕತ್ತೋ ಅರ್ಧ ಚಪಾತಿನೋ ತಿಂದು ಮಲಗಿ. ಈ 15 ನಿಮಿಷ ಕಾಯೋದು ಕಷ್ಟ, ಹಸಿವು ರಾಕ್ಷಸನ ಥರ ಇರತ್ತೆ, ಫ್ರಿಜ್ ಬಾಗಿಲು ತೆಗೆದು ಸಿಕ್ಕಿದ್ದೆಲ್ಲ ತಿಂದ್ರೆ ಬೆಳಿಗ್ಗೆ 300 ಬರತ್ತೆ, ಅದನ್ನ ನೋಡಿ ಮಾತ್ರೆ ಜಾಸ್ತಿ ಮಾಡಿದ್ರೆ ಮತ್ತೆ ರಾತ್ರಿ ಲೋ, ಹೀಗೇ ಸುತ್ತುತ್ತಾ ಇರತ್ತೆ.

ಇಲ್ಲಿ ಒಂದು ವಿಷಯ ತುಂಬಾ ಜನಕ್ಕೆ ಯಾರೂ ಹೇಳಿರಲ್ಲ. ನಿಮ್ಮ ಮಾತ್ರೇಲಿ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ಇದ್ರೆ ಮನೆ ಸಕ್ಕರೆ ಬೇಗ ಕೆಲಸ ಮಾಡಲ್ಲ, ಯಾಕಂದ್ರೆ ಸಕ್ಕರೆ ಕರುಳಲ್ಲಿ ಒಡೆಯೋದನ್ನೇ ಆ ಮಾತ್ರೆ ತಡೆಯತ್ತೆ. ಅಂಥವರು ಗ್ಲೂಕೋಸ್ ಪೌಡರೇ ಇಟ್ಕೋಬೇಕು. ಮಾತ್ರೆ ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ, ಬ್ರ್ಯಾಂಡ್ ಹೆಸರಲ್ಲಿ ಏನೂ ಗೊತ್ತಾಗಲ್ಲ.

ಮನೇಲಿ ಮಷೀನೇ ಇಲ್ವಾ? ಇನ್ಸುಲಿನ್ ತಗೊಳ್ಳೋರು ಅಥವಾ ಗ್ಲಿಮಿಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಮಾತ್ರೆಯವರು ಆದ್ರೆ ಲೋ ಅಂತಲೇ ಅಂದ್ಕೊಂಡು ಸಕ್ಕರೆ ನೀರು ಕುಡಿಯಿರಿ. ಒಂದು ಸಲ ಸುಮ್ನೆ 3 ಚಮಚ ಸಕ್ಕರೆ ಹೋದ್ರೆ ದೊಡ್ಡ ನಷ್ಟ ಇಲ್ಲ, ಲೋ ಆಗಿದ್ದಾಗ ಸುಮ್ನೆ ಮಲಗಿಬಿಟ್ರೆ ಜೀವಕ್ಕೇ ಅಪಾಯ. ಬರೀ ಮೆಟ್‌ಫಾರ್ಮಿನ್ ಒಂದೇ ತಗೊಳ್ಳೋರಿಗೆ ಲೋ ಆಗೋದು ಅಪರೂಪ, ಅವರು ಬೇರೆ ಕಾರಣ ಹುಡುಕ್ಬೇಕು.

ಶುಗರ್ ನೋಡಿದ ಹಾಗೇ ನಾಡಿನೂ ನೋಡಿ. ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಲ್ಲಿ ಎರಡು ಬೆರಳಿಟ್ಟು, ಮೊಬೈಲಲ್ಲಿ 30 ಸೆಕೆಂಡ್ ಇಟ್ಕೊಂಡು ಎಣಿಸಿ ಎರಡರಷ್ಟು ಮಾಡಿ. ಎಷ್ಟು ಅನ್ನೋದಕ್ಕಿಂತ ತಾಳ ಹೇಗಿದೆ ಅನ್ನೋದು ಮುಖ್ಯ. ಜೋರಾಗಿದ್ರೂ ಒಂದೇ ಸಮ ಬಡೀತಿದ್ರೆ ಒಂದು ಮಾತು, ಒಂದು ಬೇಗ ಒಂದು ತಡ ಅಂತ ಲೆಕ್ಕ ಇಲ್ಲದೆ ಬಡೀತಿದ್ರೆ ಬೇರೆ ಮಾತು, ಅದು ಹೃದಯದ ತಾಳ ತಪ್ಪಿರೋದು ಆಗಿರಬಹುದು, ಡಾಕ್ಟರಿಗೆ ತಪ್ಪದೆ ಹೇಳ್ಬೇಕು. ಬಿಪಿಗೋ ಹಾರ್ಟಿಗೋ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ತಗೊಳ್ಳೋರಿಗೆ ಲೋ ಆದ್ರೂ ಎದೆ ಹೊಡ್ಕೊಳ್ಳೋದು, ನಡುಕ ಗೊತ್ತಾಗದೇ ಇರಬಹುದು, ಆದ್ರೆ ಬೆವರು ಬರತ್ತೆ. ಅಂಥವರಿಗೆ ಬೆವರೇ ಸೂಚನೆ, ಅದನ್ನ ಸೆಖೆ ಅಂತ ತಳ್ಳಿಹಾಕ್ಬೇಡಿ.

ಇಷ್ಟು ಆದಮೇಲೆ ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ: ಟೈಮು, ಶುಗರ್, ನಾಡಿ, ರಾತ್ರಿ ಏನು ತಿಂದ್ರಿ ಎಷ್ಟೊತ್ತಿಗೆ, ಮಾತ್ರೆ ಇಂಜೆಕ್ಷನ್ ಎಷ್ಟೊತ್ತಿಗೆ, ಆ ದಿನ ಜಾಸ್ತಿ ಓಡಾಟ ಇತ್ತಾ. ಈ ಕೊನೇ ಮೂರು ಬರೆಯೋಕೆ ಬೇಜಾರು ಮಾಡ್ಕೋಬೇಡಿ, ಕಾರಣ ಸಿಗೋದೇ ಅಲ್ಲಿ. ಹೋಟೆಲ್ ಅಡುಗೆಮನೇಲಿ ದುಡಿಯೋ ಒಬ್ಬರು ವಾರಕ್ಕೆ ಎರಡು ಮೂರು ರಾತ್ರಿ ಹೀಗೆ ಒದ್ದೆ ಆಗಿ ಏಳ್ತಿದ್ರು. ಮಾತ್ರೆ ತಗೊಳ್ಳೋಕೆ ಬಂದಾಗ ಕೇಳಿದೆ.

"ಅಣ್ಣಾ, ಸಂಜೆ ಮಾತ್ರೆ ಎಷ್ಟೊತ್ತಿಗೆ ತಗೊಳ್ತೀರಿ?"

"ಎಂಟಕ್ಕೆ. ಡಾಕ್ಟ್ರು ಹೇಳಿದ ಟೈಮು, ಒಂದಿನ ತಪ್ಪಿಸ್ಲಿಲ್ಲ."

"ಊಟ?"

"ಊಟ ಎಲ್ಲಿಂದ ಮಾರಾಯ, ಗಿರಾಕಿ ಎಲ್ಲ ಹೋಗಿ ಶಟರ್ ಎಳೆಯುವಾಗ ಹನ್ನೆರಡೂವರೆ ಆಗ್ತದೆ. ಅಷ್ಟೊತ್ತಿಗೆ ಹಸಿವೇ ಸತ್ತಿರ್ತದೆ, ಎರಡು ತುತ್ತು ಮಜ್ಜಿಗೆ ಅನ್ನ."

ಆ ಮಾತ್ರೇಲಿ ಗ್ಲಿಮಿಪಿರೈಡ್ ಇತ್ತು, ಊಟ ತಡ ಆದ್ರೆ ಶುಗರ್ ಲೋ ಮಾಡಬಹುದಾದ ಔಷಧಿ ಅದು. ಡಾಕ್ಟರ್ ಎಂಟಕ್ಕೆ ಅಂತ ಹೇಳಿದ್ದು ಎಂಟೂವರೆಗೆ ಊಟ ಮಾಡೋ ಮನುಷ್ಯ ಅಂತ ಅಂದ್ಕೊಂಡು. ಅವರು ಈ ಟೈಮೆಲ್ಲ ಒಂದು ಚೀಟಿಲಿ ಬರ್ಕೊಂಡು ಹೋಗಿ ತೋರಿಸಿದಾಗ ಡಾಕ್ಟರ್ ಮಾತ್ರೆನೇ ಬೇರೆ ಬರೆದುಕೊಟ್ರು. ಮುಂಬೈ ಪುಣೆಯಲ್ಲಿ ಹೋಟೆಲ್ ಕೆಲಸದವರು, ಸೆಕ್ಯೂರಿಟಿಯವರು, ನೈಟ್ ಶಿಫ್ಟಿನವರು ಎಲ್ಲರೂ ಇದನ್ನ ಡಾಕ್ಟರಿಗೆ ಬಾಯಿಬಿಟ್ಟು ಹೇಳ್ಬೇಕು, ಅವರಾಗೇ ಕೇಳ್ತಾರೆ ಅಂತ ಕಾಯ್ಬೇಡಿ.

ಇನ್ನೂ ಕೆಲವು ಕಾರಣಗಳು. ರಾತ್ರಿ ಊಟಕ್ಕೆ ಮುಂಚೆ 30/70 ಮಿಕ್ಸ್ ಇನ್ಸುಲಿನ್ (ಬೇಗ ಕೆಲಸ ಮಾಡೋದು, ನಿಧಾನ ಕೆಲಸ ಮಾಡೋದು ಎರಡೂ ಸೇರಿಸಿದ್ದು) ತಗೊಳ್ಳೋರಿಗೆ ಅದರ ನಿಧಾನದ ಭಾಗ ನಡುರಾತ್ರಿ ಹೊತ್ತಿಗೆ ಜೋರಾಗತ್ತೆ, ಊಟ ಕಮ್ಮಿ ಆದ ದಿನ ಲೋ ಗ್ಯಾರಂಟಿ ಅಂತಲೇ ಇಟ್ಕೊಳ್ಳಿ. ಭಾನುವಾರ ಸಿಂಹಗಡ ಹತ್ತಿ ಬಂದ ಪುಣೆಯವರಿಗೆ ಭಾನುವಾರ ರಾತ್ರಿ ಲೋ ಆಗಬಹುದು, ಕಾಲಿನ ಮಾಂಸಖಂಡ ಖರ್ಚಾದ ಸಕ್ಕರೆನ ಗಂಟೆಗಟ್ಟಲೆ, ಒಮ್ಮೊಮ್ಮೆ ಮಾರನೇ ದಿನದವರೆಗೂ ಎಳ್ಕೊಳ್ತಾ ಇರತ್ತೆ. ಕುಡಿತ ಇದ್ದೋರು ಗಮನ ಕೊಟ್ಟು ಓದಿ: ಗೋವಾದಲ್ಲಿ ಫೆಣಿ ಆಗ್ಲಿ, ಬೇರೆ ಯಾವುದೇ ಆಗ್ಲಿ, ಮದ್ಯ ಹೋದಾಗ ಲಿವರ್ ಹೊಸ ಸಕ್ಕರೆ ಮಾಡೋ ಕೆಲಸ ನಿಲ್ಲಿಸಿ ಅದನ್ನ ಕರಗಿಸೋಕೆ ಕೂರತ್ತೆ, ಖಾಲಿ ಹೊಟ್ಟೇಲಿ ಕುಡಿದು ಮಲಗಿದೋರಿಗೆ ಬೆಳಗಿನ ಜಾವ ಲೋ ಆಗೋದು ಹಾಗೆ, ನೋಡಿದೋರು "ಕುಡಿದು ಬಿದ್ದಿದಾನೆ" ಅಂತ ಬಿಟ್ಟುಹೋಗ್ತಾರೆ. ನವರಾತ್ರಿ, ಏಕಾದಶಿ, ಶ್ರಾವಣದ ಉಪವಾಸ ಮಾಡೋ ಅಮ್ಮಂದಿರು ಉಪವಾಸಕ್ಕೆ ಮುಂಚೆನೇ ಡಾಕ್ಟರ್ ಹತ್ರ ಹೋಗಿ ಆ ದಿನಗಳಿಗೆ ಮಾತ್ರೆ ಲೆಕ್ಕ ಬರೆಸ್ಕೊಳ್ಳಿ. ಕಿಡ್ನಿ ವೀಕ್ ಇರೋರಿಗೆ, ವಯಸ್ಸಾದವರಿಗೆ ಮಾತ್ರೆ ಮೈಯಿಂದ ಬೇಗ ಹೋಗಲ್ಲ, ಗ್ಲಿಮಿಪಿರೈಡ್ ಥರದ್ದರಿಂದ ಲೋ ಆದ್ರೆ ಸಕ್ಕರೆ ಕೊಟ್ಟು ಸರಿಯಾದ ಮೇಲೂ ಕೆಲವು ಗಂಟೆ ಬಿಟ್ಟು ಮತ್ತೆ ಬೀಳಬಹುದು, ಅಜ್ಜ ಚೆನ್ನಾಗಿ ಮಾತಾಡ್ತಿದಾರೆ ಅಂತ ಮನೆಯವರೆಲ್ಲ ಮಲಗ್ಬೇಡಿ, ಆಸ್ಪತ್ರೆಗೆ ತೋರಿಸಿ.

ಎಚ್ಚರನೇ ಆಗಲ್ಲ, ಬರೀ ಬೆಳಿಗ್ಗೆ ಒದ್ದೆ ಅನ್ನೋರು ಎರಡು ಮೂರು ರಾತ್ರಿ 3 ಗಂಟೆಗೆ ಅಲಾರಂ ಇಟ್ಟು ಚೆಕ್ ಮಾಡಿ. ತೋಳಿಗೆ ಅಂಟಿಸೋ ಸೆನ್ಸರ್ ಹಾಕ್ಕೊಂಡಿದ್ರೆ ಸುಲಭ, ಆದ್ರೆ ಆ ತೋಳಿನ ಮೇಲೇ ಭಾರ ಹಾಕಿ ಮಲಗಿದ್ರೆ ಸೆನ್ಸರ್ ಸುಳ್ಳು ಲೋ ತೋರಿಸತ್ತೆ, ಅದಕ್ಕೆ ಬೆರಳು ಚುಚ್ಚಿ ಒಂದು ಸಲ ಖಾತ್ರಿ ಮಾಡ್ಕೊಳ್ಳಿ.

ಈಗ ಬೆವರು ಇದೆ, ಢವಢವ ಇದೆ, ಆದ್ರೆ ಮಷೀನಲ್ಲಿ 130 ಬಂತು ಅಂದ್ರೆ? ಸಕ್ಕರೆ ತಿನ್ಬೇಡಿ, ಬರೆದಿಡಿ. ತಿಂಗಳುಗಟ್ಟಲೆ 300ರಲ್ಲಿ ಇದ್ದು ಈಗ ಔಷಧಿ ಶುರು ಮಾಡಿದವರಿಗೆ 110, 120ಕ್ಕೆ ಇಳಿದಾಗಲೂ ಮೈ ಲೋ ಅಂತಲೇ ಅಂದ್ಕೊಂಡು ನಡುಗತ್ತೆ, ಕೆಲವು ವಾರದಲ್ಲಿ ಅಭ್ಯಾಸ ಆಗತ್ತೆ. ಶುಗರ್ ತುಂಬಾ ಜಾಸ್ತಿ ಇದ್ದು ಪದೇ ಪದೇ ಮೂತ್ರಕ್ಕೆ ಹೋಗಿ ಮೈಯಲ್ಲಿ ನೀರು ಕಮ್ಮಿ ಆದ್ರೂ ನಾಡಿ ಓಡತ್ತೆ. ಹಳೇ ಶುಗರಿನವರಲ್ಲಿ ನರ ಸೋತು, ಸುಮ್ನೆ ಕೂತಾಗಲೂ ನಾಡಿ ಜೋರಿರೋದು, ಊಟ ಮಾಡುವಾಗ ಮುಖ ಕುತ್ತಿಗೆ ಮಾತ್ರ ಬೆವರೋದು, ಎದ್ದು ನಿಂತಾಗ ತಲೆ ತಿರುಗೋದು ಇರತ್ತೆ, ಇವು ಇದ್ರೆ ಡಾಕ್ಟರಿಗೆ ಬಿಡಿಬಿಡಿಯಾಗಿ ಹೇಳಿ. ಥೈರಾಯ್ಡ್ ಜಾಸ್ತಿ ಆಗಿರೋದು, ರಕ್ತ ಕಮ್ಮಿ ಇರೋದು, ಮುಟ್ಟು ನಿಲ್ಲೋ ವಯಸ್ಸು, ಗೊರಕೆ ಹೊಡೀತಾ ಉಸಿರು ನಿಂತು ನಿಂತು ಬರೋದು, ಇವೂ ಸಾಲಲ್ಲಿವೆ, ಒಂದೊಂದಕ್ಕೂ ಪರೀಕ್ಷೆ ಇದೆ. ಮೇ ತಿಂಗಳ ಮುಂಬೈಯಲ್ಲಿ ಹತ್ತು ಬೈ ಹತ್ತರ ರೂಮಲ್ಲಿ ಆರು ಜನ ಮಲಗಿದ್ರೆ ಎಲ್ಲರೂ ಬೆವರ್ತಾರೆ, ಅದು ಸರಿ, ಆದ್ರೆ ಉಳಿದ ಐದು ಜನ ಒಣಗಿದ್ದು ನೀವೊಬ್ಬರೇ ಒದ್ದೆ ಆದ್ರೆ ಅದು ಸೆಖೆ ಅಲ್ಲ.

ಟಿಬಿ ವಿಷಯ ಬೇರೆಯಾಗೇ ಹೇಳ್ಬೇಕು. ಶುಗರ್ ಇರೋರಿಗೆ ಟಿಬಿ ಬರೋ ಸಾಧ್ಯತೆ ಬೇರೆಯವರಿಗಿಂತ ಎರಡು ಮೂರು ಪಟ್ಟು. ರಾತ್ರಿ ಬೆವರಿನ ಜೊತೆ ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಯೋದು, ಇದರಲ್ಲಿ ಯಾವುದಾದ್ರೂ ಇದ್ರೆ ಸರ್ಕಾರಿ ಆಸ್ಪತ್ರೆಗೆ ಹೋಗಿ ಕಫ ಪರೀಕ್ಷೆ ಮಾಡಿಸಿ, ಪರೀಕ್ಷೆ ಔಷಧಿ ಎರಡೂ ಅಲ್ಲಿ ಫ್ರೀ. ಶುಗರ್‌ನಿಂದಲೇ ಸಣ್ಣ ಆಗಿದೀನಿ ಅಂತ ಸುಮ್ನಿರ್ಬೇಡಿ.

ಬರೀ ಮಿಡಿತದ ತೊಂದರೆ ಇರೋರಿಗೆ ಒಂದೆರಡು ಮಾತು. ತೆಳ್ಳಗಿರೋರು ಅಂಗಾತ ಮಲಗಿದಾಗ ಹೊಟ್ಟೇಲಿ ನಾಡಿ ಬಡಿಯೋದು ಗೊತ್ತಾಗೋದು ಸಾಮಾನ್ಯ. ಆದ್ರೆ ಅರವತ್ತು ದಾಟಿದ ಬೀಡಿ ಸಿಗರೇಟಿನ ಗಂಡಸರಿಗೆ ಅಲ್ಲಿ ದೊಡ್ಡದಾಗಿ ಬಡೀತಾ ಇದ್ರೆ ಒಂದು ಸೋನೋಗ್ರಫಿ ಮಾಡಿಸೋದು ಒಳ್ಳೇದು, ಜೊತೆಗೆ ಹೊಟ್ಟೆ ಅಥವಾ ಬೆನ್ನು ನೋವು ಬಂದ್ರೆ ಅದೇ ಕ್ಷಣ ಆಸ್ಪತ್ರೆ. ಒಂದೇ ಕಿವಿಯಲ್ಲಿ ದಿನಾ ನಾಡಿ ಸದ್ದು ಕೇಳ್ತಿದ್ರೆ ಕಿವಿ ಡಾಕ್ಟರಿಗೆ ತೋರಿಸಿ.

ತಣ್ಣನೆ ಬೆವರು, ಎದೆ ಭಾರ, ದವಡೆ ಅಥವಾ ಎಡಗೈ ಸೆಳೆತ, ಉಸಿರಾಟ ಕಷ್ಟ, ಕಣ್ಣು ಕತ್ತಲೆ, ಇದ್ಯಾವುದಕ್ಕೂ ನೋಟ್‌ಬುಕ್ ಹುಡುಕ್ತಾ ಕೂರ್ಬೇಡಿ, 108ಕ್ಕೆ ಫೋನ್ ಮಾಡಿ, ಮಹಾರಾಷ್ಟ್ರ ಗೋವಾ ಎರಡೂ ಕಡೆ ಅದೇ ನಂಬರ್. ಶುಗರ್ ಇರೋರಿಗೆ ಹಾರ್ಟ್ ಅಟ್ಯಾಕ್ ಎದೆನೋವೇ ಇಲ್ದೆ ಬರೀ ಬೆವರು ಸುಸ್ತಿನಲ್ಲೂ ಬರಬಹುದು, ಶುಗರ್ ನಾರ್ಮಲ್ ಇದ್ದು ತಣ್ಣನೆ ಬೆವರು ನಿಲ್ತಾ ಇಲ್ಲ ಅಂದ್ರೂ ಹೊರಡಿ. ತುರ್ತಿಲ್ಲದ ಪರೀಕ್ಷೆಗೆ ಮುಂಬೈಯಲ್ಲಿ ಕೆಇಎಂ, ಸಯನ್, ನಾಯರ್, ಪುಣೆಯಲ್ಲಿ ಸಸೂನ್, ಗೋವಾದಲ್ಲಿ ಬಾಂಬೋಲಿಯ ಜಿಎಂಸಿ (ಗೋವಾ ಮೆಡಿಕಲ್ ಕಾಲೇಜು) ಆಸ್ಪತ್ರೆಗಳಿವೆ, ಬೆಳಿಗ್ಗೆ ಬೇಗ ಹೋಗಿ, ನೋಟ್‌ಬುಕ್ಕು ಮತ್ತೆ ಎಲ್ಲಾ ಮಾತ್ರೆ ಸ್ಟ್ರಿಪ್‌ಗಳು ಒಂದು ಚೀಲದಲ್ಲಿ ಇರ್ಲಿ. ಭಯಕ್ಕೆ ನೀವಾಗೇ ಇನ್ಸುಲಿನ್ ನಿಲ್ಲಿಸ್ಬೇಡಿ, ಚಿಕ್ಕ ವಯಸ್ಸಿಂದ ಇನ್ಸುಲಿನ್ ಮೇಲಿರೋರಿಗಂತೂ ಅದು ತುಂಬಾ ಅಪಾಯ.

ಹೆಂಡತಿ ಮಕ್ಕಳನ್ನ ಊರಲ್ಲಿ ಬಿಟ್ಟು ರೂಮಲ್ಲಿ ಇರೋರು ರೂಮಿನವರಿಗೆ ಇದನ್ನ ಓದಿ ಹೇಳಿ. ಗ್ಲೂಕೋಸ್ ಡಬ್ಬಿ ಎಲ್ಲಿದೆ ತೋರಿಸಿಡಿ. ಮಾತಾಡಿಸಿದ್ರೆ ಉತ್ತರ ಕೊಡ್ತಿಲ್ಲ, ನುಂಗೋಕೆ ಆಗ್ತಿಲ್ಲ ಅಂದ್ರೆ ಬಾಯಿಗೆ ನೀರು, ಸಕ್ಕರೆ ಏನೂ ಹಾಕ್ಬಾರ್ದು, ಶ್ವಾಸನಾಳಕ್ಕೆ ಹೋಗತ್ತೆ. ಒಂದು ಮಗ್ಗುಲಿಗೆ ಮಲಗಿಸಿ, 108ಕ್ಕೆ ಫೋನ್ ಮಾಡಿ "ಶುಗರ್ ಪೇಷಂಟ್, ಪ್ರಜ್ಞೆ ಇಲ್ಲ" ಅಂತ ಮೊದಲೇ ಹೇಳಿ, ಒಬ್ಬರು ಬಿಲ್ಡಿಂಗ್ ಗೇಟ್ ಹತ್ರ ಇಳಿದು ನಿಂತ್ಕೊಳ್ಳಿ, ಮಾತ್ರೆ ಸ್ಟ್ರಿಪ್ ಜೊತೆಗೆ ತಗೊಂಡು ಹೋಗಿ.